ಇಪ್ಪತ್ತೆರಡು ಮೆಟ್ಟಿಲು

1967 ಮಾರ್ಚ್ 7, ಮಂಗಳವಾರ. ಸಂಜೆ.

ಮತ್ತೆ ಗಾಳಿಗಾಗಿ ಕಾಯುವುದೇ ಆಯಿತು. ರಸ್ತೆಯ ಕಡೆ ಬೀಸುವಾಗ ಪರೀಕ್ಷಾ ಕಟ್ಟೆಯ ಮೇಲೆ ರಾಕೆಟ್ ಎಂಜಿನ್ ಉರಿಸುವಂತಿಲ್ಲ. ಆ ಕೆಂಪು ಹೊಗೆ ಕುಡಿದವನ ಕಥೆ ಮುಗಿಯಿತು. ಹನ್ನೊಂದಕ್ಕೆ ಆಗಬೇಕಿದ್ದ ಪರೀಕ್ಷೆ ಮೂರಕ್ಕೆ ಆಯಿತು. ಅಷ್ಟರಲ್ಲಿ ಯುಸೇಬಿಯೊ ಮನೆಯಿಂದ ತಂದ ಬುರಿಟೊ ರೊಟ್ಟಿಸುರುಳಿ ಎರಡನ್ನೂ ನಾನೇ ತಿಂದು ಮುಗಿಸಿದ್ದೆ.

"ಇಂಜಿನಿಯರ್ ಸಾಹೇಬ್ರು ಕೆಲ್ಸಕ್ಕೆ ಬರೋದೇ ನನ್ನ ಹೆಂಡ್ತಿ ಕೈರುಚಿಗೆ" ಅಂದ. ಒತ್ತಡ ಅಳೆಯುವ ಗೇಜ್‌ಗಳಿಗೆ ತಂತಿ ಕಟ್ಟುವವನು ಅವನು. ಇಲ್ಲಿ ನನಗಿರುವ ಒಬ್ಬನೇ ಗೆಳೆಯ.

ಚಂದ್ರನ ಮೇಲಿಂದ ಇಬ್ಬರನ್ನು ಎತ್ತಿ ತರಬೇಕಾದ ಎಂಜಿನ್. ಒಂದೇ. ಅಲ್ಲಿ ಬದಲಿ ಇಲ್ಲ. ಅದಕ್ಕೇ ಉರಿಯುತ್ತಿರುವಾಗ ಒಳಗೊಂದು ಪುಟ್ಟ ಸಿಡಿಮದ್ದು ಸಿಡಿಸುತ್ತೇವೆ. ಉರಿ ಬೆಚ್ಚಿಬಿದ್ದು, ರೆಪ್ಪೆ ಬಡಿಯುವಷ್ಟರಲ್ಲಿ ಮತ್ತೆ ಸ್ಥಿರವಾಗಬೇಕು. ಇವತ್ತು ಆಗಲಿಲ್ಲ. ಕಾಗದದ ಮೇಲೆ ಒತ್ತಡದ ಗೆರೆ ನಡುಗುತ್ತಲೇ ಇತ್ತು... ಎಂಜಿನ್ ಆರಿಸುವವರೆಗೂ.

ಮೇಲಧಿಕಾರಿ ಡನ್ಲೀವಿ ಬೆನ್ನ ಹಿಂದೆಯೇ. "ಶುಕ್ರವಾರ ವಾಷಿಂಗ್ಟನ್ನಿನವ್ರು ಬರ್ತಾರೆ, ವೆಂಡೆಲ್. ಎಂಜಿನ್ನೋ, ಗೇಜೋ? ಒಂದು ಹೇಳ್ಬಿಡು."

ಗೇಜಿನ ತಂತಿ ಸಡಿಲವಾದರೂ ಗೆರೆ ಹೀಗೇ ನಡುಗುತ್ತದೆ. ಎಷ್ಟೋ ಸಲ ನೋಡಿದ್ದೇನೆ.

"ನಾನು ಕಟ್ಟಿದ್ದು ಸಡಿಲ ಆಗಲ್ಲ" ಅಂದ ಯುಸೇಬಿಯೊ. ಮೇಣದ ದಾರದಲ್ಲಿ ಅವನು ಹಾಕುವ ಗಂಟೇ ಬೇರೆ: ಎಡಕ್ಕೆ ಎರಡು ಸುತ್ತು, ಬಲಕ್ಕೆ ಒಂದು. "ಒಂದ್ ಗಂಟೆ ಬಿಟ್ಟು, ಹೊಗೆ ಹೋದ್ಮೇಲೆ ಕಟ್ಟೆ ಹತ್ತಿ ಗಂಟು ನೋಡು. ನಾನು ಬರಲ್ಲ. ಬಂದ್ರೆ ನಾನೇ ಬಿಗಿ ಮಾಡ್ದೆ ಅಂತೀರ. ನೀನೇ ನೋಡು."

ಇಪ್ಪತ್ತೆರಡು ಮೆಟ್ಟಿಲು. ಸುಸ್ತಾಗಿತ್ತು, ಹತ್ತಲಿಲ್ಲ. 'ಗೇಜಿನ ತಂತಿ ಸಡಿಲ' ಎಂದು ಬರೆದು ಸಹಿ ಹಾಕಿದೆ.

ಮಾರ್ಚ್ 10, ಶುಕ್ರವಾರ.

ಬಂದವರು ಖುಷಿಯಾಗಿ ಹೋದರು. ನಡುಗಿದ ಗೆರೆಗೆ ಯಾರಾದರೂ ತಲೆ ಕೊಡಬೇಕಿತ್ತಲ್ಲ... ಮಧ್ಯಾಹ್ನ ಯುಸೇಬಿಯೊನನ್ನು ಕೆಲಸದಿಂದ ತೆಗೆದರು. ಒಂಬತ್ತು ವರ್ಷದ ಕೆಲಸ. ನನ್ನ ಸಹಿ ಹೀಗೆ ಅವನ ಕುತ್ತಿಗೆಗೆ ಬರುತ್ತದೆಂದು ನನಗೆ ಹೊಳೆಯಲೇ ಇಲ್ಲ. ಹೊಳೆಯಬೇಕಿತ್ತು.

ದಾರದ ಉಂಡೆಯನ್ನು ಊಟದ ಡಬ್ಬಿಗೆ ಹಾಕಿಕೊಂಡ.

"ಗಂಟು ನೋಡಿದ್ಯಾ?"

"ಎಂಜಿನ್ ಆಗ್ಲೇ ಪೆಟ್ಟಿಗೆ ಸೇರಿ ಉಗ್ರಾಣಕ್ಕೆ ಹೋಯ್ತು ಕಣೋ."

"ನೋಡಿಲ್ಲ ಅನ್ನು."

ಮಾರ್ಚ್ 11.

ಅವನ ಬೀದಿಯವರೆಗೆ ಹೋದೆ. ಕಾರಿನಿಂದ ಇಳಿಯಲಿಲ್ಲ. ಅವನ ಹೆಂಡತಿ ಒಫೇಲಿಯಾ ಬಟ್ಟೆ ಒಣಹಾಕುತ್ತಿದ್ದಳು. ನನ್ನನ್ನು ನೋಡಿದಳೋ ಏನೋ.

ಸೆಪ್ಟೆಂಬರ್ 19, ಮಂಗಳವಾರ.

ಪಕ್ಕದ ಕಟ್ಟೆಯಲ್ಲಿ ಇನ್ನೊಂದು ಎಂಜಿನ್. ಅದೇ ಸಿಡಿಮದ್ದು, ಅದೇ ನಡುಕ. ನಾಲ್ಕನೇ ಸೆಕೆಂಡಿಗೆ ಸೀಳಿಹೋಯಿತು. ಪುಣ್ಯಕ್ಕೆ ಯಾರಿಗೂ ಏನೂ ಆಗಲಿಲ್ಲ.

ಉಗ್ರಾಣದಲ್ಲಿದ್ದ ಹಳೆಯ ಎಂಜಿನ್ನಿನ ಪೆಟ್ಟಿಗೆ ನಾನೇ ಬಿಚ್ಚಿದೆ. ತಂತಿಗಳೆಲ್ಲ ಇದ್ದಂತೆಯೇ ಇವೆ. ಎಡಕ್ಕೆ ಎರಡು, ಬಲಕ್ಕೆ ಒಂದು. ಉಗುರು ಹಾಕಿ ಎಳೆದೆ... ಅಲುಗಲಿಲ್ಲ.

ತಪ್ಪು ಎಂಜಿನ್ನಿನದೇ, ತಂತಿಯದಲ್ಲ ಎಂದು ಡನ್ಲೀವಿಗೆ ಹೇಳಿದೆ. "ಇಂಧನ ಚಿಮ್ಮೋ ತಟ್ಟೆ ಹೇಗೂ ಬದಲಾಯಿಸ್ತಿದೀವಿ. ಎಂಜಿನ್ ಸರಿಹೋಗುತ್ತೆ. ಹಳೇ ಕಾಗದ ಯಾಕಯ್ಯಾ ಕೆದಕ್ತೀಯ?" ಅಂದ.

ಹೂಂ ಅಂದು ಬಂದೆ. ನಾಚಿಕೆಯಾಗುತ್ತದೆ. ಗಂಟೊಂದನ್ನು ಕತ್ತರಿಸಿ ಜೇಬಿಗೆ ಹಾಕಿಕೊಂಡೆ. ಈ ಭಾನುವಾರ ಹೋಗಿ ಕೊಡುತ್ತೇನೆ.

ಅಕ್ಟೋಬರ್ 1, ಭಾನುವಾರ.

ಹೋಗಲಿಲ್ಲ.

1969 ಜುಲೈ 21, ಸೋಮವಾರ.

ಲಾಸ್ ಕ್ರೂಸಸ್ಸಿನಲ್ಲಿ ಯುಸೇಬಿಯೊನ ಟಿ.ವಿ. ರಿಪೇರಿ ಅಂಗಡಿ. ಹನ್ನೊಂದೂವರೆಗೇ ಜನ ತುಂಬಿದ್ದರು. ಹಿಂದೆ ನಿಂತೆ. ಅವನು ತಿರುಗಿ ನೋಡಿ, ಮತ್ತೆ ಟಿ.ವಿ. ಕಡೆ ಮುಖ ಮಾಡಿದ.

ಚಿತ್ರವಿಲ್ಲ, ಮಾತು ಮಾತ್ರ ಕೇಳುತ್ತಿತ್ತು. ಚಂದ್ರನ ಮೇಲೆ ನಮ್ಮ ಎಂಜಿನ್ ಹೊತ್ತಿಕೊಂಡಿತು. ಏಳು ನಿಮಿಷ ಉರಿಯಬೇಕು. ಉಳಿದವರೆಲ್ಲ ಕೂಗಾಡುತ್ತಿದ್ದರು, ನಾವಿಬ್ಬರೇ ಸುಮ್ಮನೆ ಗೋಡೆ ಗಡಿಯಾರ ನೋಡುತ್ತ ನಿಂತಿದ್ದೆವು. ಏಳು ನಿಮಿಷ ತುಂಬಿ ಅದು ಆರಿದಾಗ ಅವನು ಶಿಲುಬೆಯ ಗುರುತು ಮಾಡಿಕೊಂಡ.

ಜನ ಕರಗಿದ ಮೇಲೆ ಗಂಟನ್ನು ಮೇಜಿನ ಮೇಲಿಟ್ಟೆ. ಕೈಗೆತ್ತಿಕೊಂಡ. ಹೆಬ್ಬೆರಳಲ್ಲಿ ಒತ್ತಿ ನೋಡಿದ. ಮುಖ ಅರಳಿತು. ಒಂದು ಗಳಿಗೆ ಎಲ್ಲ ಸರಿಹೋಯಿತು ಅಂದುಕೊಂಡೆ.

"ಬಿಗಿಯಾಗೇ ಇದೆ! ಯಾವಾಗ ಸಿಕ್ತು?"

ಸುಳ್ಳು ಹೇಳಬಹುದಿತ್ತು.

"ಎರಡು ವರ್ಷ ಆಗ್ತಾ ಬಂತು."

ಗಂಟನ್ನು ಮೆಲ್ಲಗೆ ಮೇಜಿನ ಮೇಲೆ, ನನ್ನ ಕಡೆಗೆ ಇಟ್ಟ.

"ಅಲ್ಲಿ ಇಪ್ಪತ್ತೆರಡು ಮೆಟ್ಟಿಲು, ಹೊಗೆ ಬೇರೆ, ಬಿಡು" ಅಂದ. "ನಮ್ಮನೆ ಮುಂದೆ ಇದ್ದದ್ದು ಮೂರೇ ಅಲ್ವೇನೋ, ವೆಂಡೆಲ್?"

ಗಂಟನ್ನು ಮತ್ತೆ ಜೇಬಿಗೆ ಹಾಕಿಕೊಂಡು ಹೊರಗೆ ಬಂದೆ.