ಅಂಗಡಿಯ ಮುಖ

ಸೋಮವಾರ, ಮಾರ್ಚ್ ೧೨

ಅತ್ತಿಗೆಗೆ ಮೈದುನನ ನಮಸ್ಕಾರಗಳು.

ನಿಮ್ಮ ಕಾಗದ ಬಂದು ಮೂರು ವಾರವಾಯಿತು. ಪುರುಸೊತ್ತಾಗಲಿಲ್ಲ ಎಂದು ಮೊದಲು ಬರೆದು ಹರಿದು ಹಾಕಿದೆ. ಪುರುಸೊತ್ತು ಬೇಕಾದಷ್ಟಿತ್ತು. ಬೈಯಿರಿ, ನಿಮ್ಮ ಬೈಗುಳ ಕೇಳಿಯೂ ಬಹಳ ದಿನವಾಯಿತು. ಅಣ್ಣನ ಮಂಡಿನೋವು ಹೇಗಿದೆ? ನಾನು ಈಗಲೂ ತೆಳ್ಳಗಿನ ಮೈ, ದಪ್ಪ ತಲೆ. ನೀವಿಟ್ಟ ಅಡ್ಡಹೆಸರಿಗೆ ಮೋಸ ಮಾಡಿಲ್ಲ.

ನೀವು ಕಾಲರ್ ಹೊಲಿದ ಕೋಟು ಹೇಗೆ ಕಾಣುತ್ತಿದೆ ಎಂದು ಕೇಳಿದ್ದಿರಿ. ಈ ಬೀದಿಯಲ್ಲಿ ಎಲ್ಲಕ್ಕಿಂತ ಅಗಲವಾದ ಷೋಕೇಸ್ ನಮ್ಮದು. ಅದರ ನಟ್ಟನಡುವೆ ಎತ್ತರದ ಬೊಂಬೆಯ ಮೈಮೇಲಿದೆ. ಬೊಂಬೆಗೆ ಸಡಿಲವಾದ್ದರಿಂದ ಬೆನ್ನ ಕಡೆ ಗುಂಡುಪಿನ್ನು ಚುಚ್ಚಿ ಬಿಗಿ ಮಾಡಿದ್ದೇನೆ. ಮುಂದಿನಿಂದ ನೋಡುವವರಿಗೆ ಅಳತೆ ಕೊಟ್ಟು ಹೊಲಿಸಿದ ಹಾಗೆ. ಹತ್ತು ವರ್ಷದವನಿದ್ದಾಗ ನಿಮ್ಮ ಹೊಲಿಗೆ ಮಿಷನ್ನಿನ ಕೆಳಗೆ ಕೂತು ಕಲಿತ ವಿದ್ಯೆ ಇವತ್ತು ಹೊಟ್ಟೆಗೆ ಹಾಕುತ್ತಿದೆ.

ನಿಜ ಹೇಳಬೇಕೆಂದರೆ ಇಲ್ಲಿ ಕೊಳ್ಳುವವರು ಕಡಿಮೆ. ಕಂಪನಿಯ ಮಾಲು ಖರ್ಚಾಗುವುದು ಸಣ್ಣ ಊರುಗಳ ಸಣ್ಣ ಅಂಗಡಿಗಳಲ್ಲಿ. ಮತ್ತೆ ಈ ಮೂರು ಮಹಡಿ, ಇಷ್ಟು ದೀಪ ಯಾಕೆ ಎಂದು ಸೇರಿದ ಹೊಸತರಲ್ಲಿ ಮ್ಯಾನೇಜರಮ್ಮನನ್ನು ಕೇಳಿದ್ದೆ. "ಇದು ಅಂಗಡಿ ಅಲ್ಲಪ್ಪ, ಕಂಪನಿಯ ಮುಖ" ಅಂದರು. ಆ ಮಾತು ನನ್ನ ತಲೆಗೇರಿತು. ಅವತ್ತಿನಿಂದ ಷರ್ಟಿಗೆ ಇಸ್ತ್ರಿ ಹಾಕದೆ ನಾನು ಮನೆಯಿಂದ ಹೊರಗೆ ಕಾಲಿಟ್ಟಿಲ್ಲ.

ಇದೇ ಕಂಪನಿಯ ಗಾರ್ಮೆಂಟ್ಸಿನಲ್ಲಿ ಹನ್ನೊಂದು ವರ್ಷ ಬರೀ ಕಾಲರ್ ಹೊಲಿದೆ, ತೋಳು ಒಬ್ಬಳದು, ಗುಂಡಿ ಇನ್ನೊಬ್ಬಳದು, ನನ್ನ ಕಾಲರ್ ಕೋಟಿನ ಮೇಲೆ ಕೂತದ್ದನ್ನು ಒಂದು ದಿನವೂ ನೋಡಿಲ್ಲ ಎಂದು ಬರೆದಿದ್ದಿರಿ. ಅದಕ್ಕೇ ನನಗೂ ಹೇಳದೆ ಬೆಳಗಿನ ಬಸ್ಸು ಹತ್ತಿ ಬಂದಿರಿ. ನಿಮ್ಮ ಗ್ರಹಚಾರಕ್ಕೆ ಅವತ್ತೇ ಷೋಕೇಸ್ ಬದಲಾಯಿಸುವ ದಿನ. ಗಾಜಿಗೆಲ್ಲ ಒಳಗಿನಿಂದ ಕಾಗದ ಅಂಟಿಸಿತ್ತು. ಅದನ್ನು ತೆಗೆಯುವವರೆಗೆ ಎಂದು ಎರಡು ಗಂಟೆ ನಿಂತಿರಿ, ಒಳಗಿರುವ ಕೋಟಿನ ಕಾಲರ್ ನನ್ನದು ಎಂದು ಹೋಗಿಬರುವವರಿಗೆಲ್ಲ ಹೇಳಿದಿರಿ. ಕಾವಲುಗಾರನಿಗೆ ನನ್ನನ್ನು ಕರೆಯಲು ಹೇಳಿದರೆ, ಅವರು ಇವತ್ತು ಬಂದಿಲ್ಲ, ಇಲ್ಲಿ ನಿಲ್ಲಬೇಡಿ ಎಂದು ಸಾಗಹಾಕಿದನಂತೆ. ಕೊನೆಗೆ ನೀವೇ ಬರೆದಿದ್ದೀರಿ: "ನೀನು ಇಲ್ಲದ್ದೇ ಒಳ್ಳೇದಾಯ್ತು ಕಣೋ. ಇದ್ದಿದ್ರೆ ನನ್ನ ಪರ ಜಗಳ ಆಡಿ ಕೆಲಸ ಕಳ್ಕೋತಿದ್ದೆ."

ಆ ಸಾಲಿಗೆ ಬಂದಾಗಲೆಲ್ಲ ಕಾಗದ ಮಡಚಿಡುತ್ತೇನೆ.

ಇದರ ಜೊತೆ ಕೋಟಿನ ಫೋಟೊ ಇಟ್ಟಿದ್ದೇನೆ. ಕಾಲರ್ ಎಷ್ಟು ಚೆನ್ನಾಗಿ ಕೂತಿದೆ ನೋಡಿ, ಅದಕ್ಕೆ ಒಂದು ಪಿನ್ನೂ ಬೇಕಾಗಲಿಲ್ಲ. ನಿಮ್ಮ ಜೊತೆಯ ಹೆಂಗಸರಿಗೂ ತೋರಿಸಿ. ಅಣ್ಣನಿಗೆ ನಮಸ್ಕಾರ ಹೇಳಿ. ಪ್ರತಿ ಸಲದ ಹಾಗೆ ಆಶೀರ್ವಾದ ಕೇಳಲು ಈ ಸಲ ನನಗೆ ಮುಖವಿಲ್ಲ. ನೀವಿಬ್ಬರೂ ನೂರು ಕಾಲ ಚೆನ್ನಾಗಿರಿ.

ನಿಮ್ಮ,
ಗುಂಡುಪಿನ್ನು

ಮರೆತ ಮಾತು: ಮರೆತದ್ದಲ್ಲ ಅತ್ತಿಗೆ, ಹೇಳಲಾರದೆ ಉಳಿಸಿಕೊಂಡದ್ದು. ಅವತ್ತು ನಾನು ಕೆಲಸಕ್ಕೆ ಬಂದಿದ್ದೆ. ಗಾಜಿನ ಈಚೆ, ನಿಮ್ಮಿಂದ ಎರಡು ಮಾರು ದೂರದಲ್ಲಿ, ಕೋಟಿನ ಬೆನ್ನಿಗೆ ಪಿನ್ನು ಚುಚ್ಚುತ್ತಿದ್ದೆ. ಕಾಗದದ ಸಂದಿಯಲ್ಲಿ ನಿಮ್ಮ ಸವೆದ ಚಪ್ಪಲಿ, ಕಿವಿ ಕಿತ್ತ ಕೈಚೀಲ ಎಲ್ಲ ಕಂಡವು. ಕಾವಲುಗಾರ ಒಳಗೆ ಬಂದು, ಯಾರೋ ನಿಮ್ಮ ಅತ್ತಿಗೆ ಅಂತಾರೆ ಎಂದ. ಮ್ಯಾನೇಜರಮ್ಮ ಪಕ್ಕದಲ್ಲೇ ನಿಂತಿದ್ದರು. "ನನಗೆ ಯಾವ ಅತ್ತಿಗೆಯೂ ಇಲ್ಲ. ನಾನು ಬಂದಿಲ್ಲ ಅಂತ ಹೇಳಿ ಕಳಿಸಿಬಿಡು" ಅಂದೆ. ಅನ್ನುತ್ತಲೇ ಕೈಯಲ್ಲಿದ್ದದ್ದನ್ನು ಬಟ್ಟೆಗೆ ಚುಚ್ಚಿದೆ. ಪಿನ್ನು, ನೀವು ಕಲಿಸಿದ ಹಾಗೆ, ನೆಟ್ಟಗೇ ಕೂತಿತು.