ತಲೆಯಾಡಿಸಿದ್ದು

ಬ್ರಸೆಲ್ಸ್, ಮಾರ್ಚ್ ೧೪

ಅಮ್ಮಾ,

ಫೋನಿನಲ್ಲಿ ನಿನ್ನ ದನಿ ಕೇಳಿದರೆ ನನಗೆ ಬಾಯಿ ಕಟ್ಟುತ್ತದೆ, ಅದಕ್ಕೇ ಈ ಕಾಗದ. ಯುರೋಪಿನ ಸಂಸತ್ತು ಹೇಗಿದೆಯಂತೆ, ರಾಲಿತ್ಸಾ ಏನೇನು ಕಲಿತಳಂತೆ ಅಂತ ಇಡೀ ಓಣಿ ವಿಚಾರಿಸುತ್ತಿದೆ ಎಂದು ತಂಗಿ ಯಾನಾಳ ಮೆಸೇಜು ಬಂತು. ಅಸಹ್ಯಪಡುವುದನ್ನು ಕಲಿತಳು ಎಂದು ಹೇಳು.

ಐದು ದಿನದಿಂದ ನಮ್ಮ ಕಾಲೇಜಿನ ಹನ್ನೆರಡು ಜನರನ್ನು ಗಾಜಿನ ಕಟ್ಟಡಗಳಲ್ಲಿ ಸುತ್ತಿಸುತ್ತಿದ್ದಾರೆ. ಹೋದಲ್ಲೆಲ್ಲ ಕುತ್ತಿಗೆಗೊಂದು ಬಿಲ್ಲೆ, ಕೈಗೊಂದು ಚೀಲ, ಪ್ರಜಾಪ್ರಭುತ್ವದ ಮೇಲೊಂದು ಭಾಷಣ. ಕರೆಸಿಕೊಂಡವರು ನಮ್ಮ ಬಲ್ಗೇರಿಯಾದ ಸದಸ್ಯ ತೊಂಕೊವ್. ಚುನಾವಣೆಗೆ ಮುಂಚೆ ನಮ್ಮ ಅಡುಗೆಮನೆಯಲ್ಲೇ ಕೂತು, ಚರ್ಮದ ಕಾರ್ಖಾನೆಯ ಕೊಳೆ ಬಾವಿಗೆ ಇಳಿಯದ ಹಾಗೆ ಮಾಡುತ್ತೇನೆಂದು ಮಾತು ಕೊಟ್ಟ ಮಹಾಶಯರು. ನೀನು ಕಳಿಸಿದ ಕೆಂಪು ಮೆಣಸಿನ ಲ್ಯುತೆನಿತ್ಸಾ ಚಟ್ನಿ ಕೊಟ್ಟರೆ, ಆ ಬಾಟಲಿಯನ್ನು ಸತ್ತ ಇಲಿಯಂತೆ ಎರಡು ಬೆರಳಲ್ಲಿ ಹಿಡಿದು ಸಹಾಯಕಿಗೆ ದಾಟಿಸಿದರು.

ನಿನ್ನೆ ನಮ್ಮ ಬಾವಿಯ ಅರ್ಜಿ ಇಲ್ಲಿನ ಸಮಿತಿಯ ಮುಂದೆ ಬಂತು. ನೀನು, ತ್ಸೋನಾ ಅಜ್ಜಿ ಚಳಿಗಾಲವಿಡೀ ಮನೆಮನೆ ತಿರುಗಿ ಸಹಿ ಹಾಕಿಸಿದ ಅದೇ ಅರ್ಜಿ. ಆ ಊರಿನ ಹುಡುಗಿಯೇ ಇಲ್ಲಿದ್ದಾಳೆ ಎನ್ನುತ್ತ ತೊಂಕೊವ್ ನನ್ನನ್ನು ಎಬ್ಬಿಸಿ ನಿಲ್ಲಿಸಿದರು. ಅಧ್ಯಕ್ಷೆ ಫಿನ್ಲೆಂಡಿನವಳು. ಈಗ ಬಾವಿಯ ನೀರು ಕುಡಿಯುವ ಹಾಗಿದೆಯೇ ಎಂದು ಮೆತ್ತಗೆ ಕೇಳಿದಳು. ನಾನು ತಲೆಯನ್ನು ಮೇಲೆ ಕೆಳಗೆ ಆಡಿಸಿದೆ. ನಾವು ಇಲ್ಲ ಎನ್ನುವುದು ಹಾಗೇ ತಾನೇ? ಇಲ್ಲಿ ಅದೇ ಹೌದು. ಅವಳು ಸಂತೋಷಪಟ್ಟು ಬರೆದುಕೊಂಡಳು, ಅರ್ಜಿಯ ಕಥೆ ಅಲ್ಲಿಗೆ ಮುಗಿಯಿತು.

ತೊಂಕೊವ್ ನಮ್ಮವರೇ. ನಾನು ಇಲ್ಲ ಎಂದದ್ದು ಆ ಕೋಣೆಯಲ್ಲಿ ಅವರಿಗಲ್ಲದೆ ಇನ್ಯಾರಿಗೆ ಗೊತ್ತಾಗಬೇಕು? ತುಟಿ ಪಿಟಕ್ಕೆನ್ನಲಿಲ್ಲ. ಹೊರಗೆ ಬಂದ ಮೇಲೆ ಬೆನ್ನು ತಟ್ಟಿ, "ಚೆನ್ನಾಗೇ ತಲೆ ಆಡಿಸ್ದೆ ಮಗಳೇ, ನಿನ್ನಂಥೋರು ಇಲ್ಲೇ ಇರ್ಬೇಕು" ಅಂದರು. ಆ ಕೈ ತಗುಲಿದ ಕೋಟನ್ನು ನಾನು ಮತ್ತೆ ತೊಟ್ಟಿಲ್ಲ. ಇಂಥವರಿಗೆ ಓಟು ಹಾಕಿದೆವಲ್ಲ, ಥೂ.

ತ್ಸೋನಾ ಅಜ್ಜಿ ಕೇಳಿದರೆ, ಇಲ್ಲಿಯವರು ತಪ್ಪು ತಿಳಿದುಕೊಂಡರು ಎಂದಷ್ಟೇ ಹೇಳು. ಯಾನಾಳಿಗೆ ಬಾವಿ ನೀರಿನ ಸ್ನಾನ ಬೇಡ, ಕೈಯ ಹುಣ್ಣು ಮತ್ತೆ ಒಡೆದೀತು.

ನಿನ್ನ ಮಗಳು,
ರಾಲಿತ್ಸಾ

ಬರೆಯದೆ ಬಿಟ್ಟದ್ದು: ಜೂನ್ ತಿಂಗಳಲ್ಲಿ ನಾನು ಊರಿಗೆ ಬರುವುದಿಲ್ಲ. ಒಂದು ವರ್ಷ ತಮ್ಮ ಕಚೇರಿಯಲ್ಲಿ ಕೆಲಸ ಕಲಿಯಲು ತೊಂಕೊವ್ ಕರೆದಿದ್ದಾರೆ. ಸಮಿತಿಗೆ ಹೋಗುವ ಮೊದಲೇ ಕರೆದಿದ್ದರು. ಇನ್ನೊಂದು ಮಾತು, ಅಮ್ಮಾ. ಅಧ್ಯಕ್ಷೆ ಒಳ್ಳೆಯವಳು. ನಿಮ್ಮ ಕಡೆ ತಲೆಯಾಡಿಸುವುದು ಉಲ್ಟಾ ಅಂತೆ, ಸರಿಯಾಗಿ ಹೇಳು ಎಂದು ಬರೆದುಕೊಳ್ಳುವ ಮುಂಚೆ ಇನ್ನೊಮ್ಮೆ ಕೇಳಿದಳು. ಆಗ ನಾನು ಬಾಯಿಬಿಟ್ಟೇ ಹೌದು ಎಂದೆ.