ಅಡುಗೆಮನೆಯಲ್ಲಿ ಅಂಟಿಸಿದ ಮಾದರಿ

ಓಟ್ಮಾರ್ ಅವರಿಗೆ,

ಇವತ್ತು ಬೆಳಿಗ್ಗೆ ಬ್ರೆಡ್ಡಿನಂಗಡಿಯಲ್ಲಿ ನಿಮ್ಮ ಮಗಳು ಸಿಕ್ಕಿದ್ದಳು. "ಅಪ್ಪ ಈಗ ಕೂರೋಕೆ ಮುಂಚೆ ಕುರ್ಚಿ ಕಾಲನ್ನೂ ತಟ್ಟಿ ತಟ್ಟಿ ನೋಡ್ತಾರೆ," ಎಂದಳು. ನಗುತ್ತಲೇ ಹೇಳಿದಳು, ಕಣ್ಣು ಮಾತ್ರ ಒದ್ದೆಯಾಗಿತ್ತು. ಮನೆಗೆ ಬಂದವಳು ಕೋಟನ್ನೂ ಬಿಚ್ಚದೆ ಬರೆಯಲು ಕುಳಿತಿದ್ದೇನೆ.

ವಿಮಾನದ ವರ್ಷದ ಕಡ್ಡಾಯ ತಪಾಸಣೆಗೆ ದೊಡ್ಡ ವರ್ಕ್‌ಶಾಪಿನವರು ಕೇಳುವ ಹಣ ನಮ್ಮಂಥವರ ಕೈಗೆಟುಕುವುದಲ್ಲ. ನೀವಿದ್ದಿರೆಂದೇ ನಮ್ಮ ಹಳೆಯ ಮರದ ಮೋಟಾರು ಗ್ಲೈಡರ್ ಇಷ್ಟು ವರ್ಷ ಹಾರಿತು. "ಕಣ್ಣು ನಂದು, ಕೈ ನಿಮ್ದು, ಕೂಲಿ ಪ್ಲಮ್ ಕೇಕು," ಎನ್ನುತ್ತಿದ್ದಿರಿ. ನನ್ನ ಗಂಡ ಫೋಲ್ಕರ್ ಮರ ಹೆರೆದರೆ, "ಆಲೂಗಡ್ಡೆ ಸಿಪ್ಪೆ ತೆಗೀತಿದೀಯೇನೋ?" ಎಂದು ಛೇಡಿಸುತ್ತಿದ್ದಿರಿ. ಅರವತ್ತು ದಾಟಿದ ನನ್ನನ್ನು ಹುಡುಗಿ ಎಂದು ಕರೆಯುವವರು ನೀವೊಬ್ಬರೇ.

ಈ ಫೆಬ್ರವರಿಯಲ್ಲಿ ರೆಕ್ಕೆಯ ಮುಖ್ಯ ತೊಲೆ ಅಂಟು ಬಿಟ್ಟಿದ್ದನ್ನು ಹಿಡಿದವರೂ ನೀವೇ. ಅದನ್ನು ಬಿಚ್ಚಿಸಿ, ಹೊಸದಾಗಿ ಅಂಟು ಹಾಕಿಸಿದಿರಿ. ಅದೇ ಅಂಟಿನಲ್ಲಿ ಎರಡು ಮರದ ಚೂರುಗಳನ್ನು ಜೋಡಿಸಿ, ತಾರೀಖು ಬರೆದು, ರೆಕ್ಕೆಯ ಪಕ್ಕದಲ್ಲೇ ಇಟ್ಟಿರಿ. "ರೆಕ್ಕೆ ಕಂಡ ಬಿಸಿ, ಚಳಿ ಎಲ್ಲಾ ಇದೂ ಕಾಣ್ಬೇಕು ಹುಡುಗಿ. ಸೋಮವಾರ ಉಳಿಯಲ್ಲಿ ಸೀಳ್ತೀನಿ. ಅಂಟು ನಿಂತು ಮರ ಹರಿದ್ರೆ ಸರಿ. ಅಂಟು ಬಿಟ್ರೆ ಎಲ್ಲಾ ಮೊದಲಿಂದ." ಚಳಿಗೆ ಅಂಟು ಗಟ್ಟಿಯಾಗುವುದಿಲ್ಲವೆಂದು, ಅಲ್ಲಿಯವರೆಗೆ ರೆಕ್ಕೆಯಿದ್ದ ಶೆಡ್ಡನ್ನು ಬೆಚ್ಚಗಿಡುವ ಕೆಲಸ ನನ್ನದಾಗಿತ್ತು.

ಶನಿವಾರ ಬೆಳಿಗ್ಗೆ ಹೋಗಿ ನೋಡಿದರೆ ಗ್ಯಾಸ್ ಮುಗಿದು ಹೀಟರ್ ಆರಿತ್ತು. ಬಕೆಟ್ಟಿನ ನೀರು ಹೆಪ್ಪುಗಟ್ಟಿತ್ತು. ನಿಮಗೆ ಹೇಳಿದ್ದರೆ ಎಲ್ಲವನ್ನೂ ಕಿತ್ತು ಮತ್ತೆ ಮಾಡಿಸುತ್ತಿದ್ದಿರಿ, ಅಷ್ಟರಲ್ಲಿ ಜೂನ್ ಬಂದುಬಿಡುತ್ತಿತ್ತು. ಫೋಲ್ಕರನ ಹೃದಯ ನೋಡಿದ ಡಾಕ್ಟರು ಮೇ ಕೊನೆಯವರೆಗೆ ಮಾತ್ರ ಹಾರಲು ಒಪ್ಪಿದ್ದರು. ಅವನಿಗೆ ಉಳಿದಿದ್ದು ಅದೊಂದೇ ವಸಂತ.

ಉಳಿದಿದ್ದ ಅಂಟನ್ನು ಮನೆಗೆ ತಂದು, ಕಲಸಿ, ಅಡುಗೆಮನೆಯ ಶಾಖದಲ್ಲಿ ಬೇರೆ ಎರಡು ಚೂರು ಅಂಟಿಸಿದೆ. ಮೇಲೆ ನಿಮ್ಮ ಅಕ್ಷರದ ಹಾಗೇ ತಾರೀಖು ಬರೆದೆ. ಅದನ್ನು ರೆಕ್ಕೆಯ ಪಕ್ಕದಲ್ಲಿಟ್ಟು, ನಿಮ್ಮ ಮಾದರಿಯನ್ನು ಒಲೆಗೆ ಹಾಕಿದೆ. ಅದನ್ನೊಮ್ಮೆ ಸೀಳಿ ನೋಡುವ ಧೈರ್ಯವೂ ನನಗಿರಲಿಲ್ಲ. ರೆಕ್ಕೆಯ ಅಂಟು ಹೇಗೋ ಹಿಡಿದಿರುತ್ತದೆ ಎಂದು ನನಗೆ ನಾನೇ ಹೇಳಿಕೊಂಡೆ.

ಸೋಮವಾರ ನೀವು ಉಳಿ ಇಟ್ಟು ಹೊಡೆದಿರಿ. ಮರ ಹರಿಯಿತು. "ಬಂಡೆ ಹಿಡ್ದಂಗೆ ಹಿಡಿದಿದೆ. ಹಾರಿಸು ಹೋಗು ನಿನ್ನ ಗಂಡನ್ನ," ಎಂದು ಕಾಗದಕ್ಕೆ ಸಹಿ ಹಾಕಿದಿರಿ. ಫೋಲ್ಕರ್ ನಿಮ್ಮನ್ನು ತಬ್ಬಿಕೊಂಡ. ನಾನು ಕೇಕು ಕೊಯ್ದೆ.

ಮೇ ತಿಂಗಳ ಆ ಭಾನುವಾರ ಫೋಲ್ಕರ್ ಮೇಲೆ ಮೋಟಾರು ನಿಲ್ಲಿಸಿ ತೇಲತೊಡಗಿದಾಗ ನೀವೂ ನಾನೂ ಹುಲ್ಲಿನ ಮೇಲೆ ನಿಂತು ನೋಡುತ್ತಿದ್ದೆವು. ಎಡಕ್ಕೆ ತಿರುಗುವಾಗ ರೆಕ್ಕೆ ಕಳಚಿತು. ಮುಂದಿನದನ್ನು ನೀವೂ ಕಂಡಿದ್ದೀರಿ.

ತನಿಖೆಯವರು ಕೇಳಿದ್ದಕ್ಕೆ, "ನೋಡಿದೋನು ನಾನು, ತಪ್ಪೂ ನಂದೇ," ಎಂದು ನಿಮ್ಮ ತಪಾಸಣೆಯ ಮೊಹರನ್ನು ಅವರ ಮೇಜಿನ ಮೇಲಿಟ್ಟು ಬಂದಿರಂತೆ. ಮಣ್ಣು ಮಾಡಿದ ದಿನ ಎಲ್ಲರೆದುರು ನನ್ನ ಕೈ ಹಿಡಿದು, "ನನ್ನಿಂದ ಹೀಗಾಯ್ತು, ಹೊಟ್ಟೆಗೆ ಹಾಕ್ಕೊಳ್ಳಮ್ಮ," ಎಂದಿರಿ. ಮೊದಲ ಸಲ ನನ್ನನ್ನು ಹುಡುಗಿ ಎನ್ನಲಿಲ್ಲ.

ನಾನೇನು ಮಾಡಿದೆ ಗೊತ್ತೇ? ನಿಮ್ಮನ್ನು ಕ್ಷಮಿಸಿದೆ. "ಇರಲಿ ಬಿಡಿ ಓಟ್ಮಾರ್," ಎಂದೆ. ಎಷ್ಟು ದೊಡ್ಡ ಮನಸ್ಸು ಇವಳದು ಎಂದು ಊರವರು ಅತ್ತರು.

ಇದರ ಇನ್ನೊಂದು ಪ್ರತಿ ತನಿಖೆಯವರಿಗೆ ಹೋಗುತ್ತದೆ. ನಿಮ್ಮ ಕ್ಷಮೆ ಕೇಳುವುದಿಲ್ಲ. ಕೇಳಿದರೆ ಕೊಟ್ಟುಬಿಡುತ್ತೀರಿ, ಅದನ್ನು ತಾಳಿಕೊಳ್ಳುವ ಶಕ್ತಿ ನನಗಿಲ್ಲ.

ಇನ್ನಾದರೂ ನಿಮಗೆ ನಿದ್ದೆ ಬರಲಿ.

ಫೋಲ್ಕರನನ್ನು ಕೊಂದವಳು,
ಗುಡ್ರುನ್